ಜೀವಕೋಶದಿಂದ ಬೇಳೆಕಾಳಿನವರೆಗೆ: ಕಮಲಾ ಸೊಹೋನಿ ಸಂಶೋಧನಾ ಪಥ

ಭಾರತದ ಜೀವರಸಾಯನ ವಿಜ್ಞಾನದ ಮೊದಲ ತಲೆಮಾರಿನ ಮಹಿಳಾ ಸಂಶೋಧಕರಲ್ಲಿ ಡಾ. ಕಮಲಾ ಸೊಹೋನಿ (1911-1998) ಪ್ರಮುಖರು. ಜೀವಕೋಶದ ಉಸಿರಾಟದಿಂದ ಹಿಡಿದು ಬಡವರ ಆಹಾರದ ಪೌಷ್ಟಿಕತೆಯವರೆಗೆ ಅವರ ಅಧ್ಯಯನ ವ್ಯಾಪಿಸಿತ್ತು. ಅವರ ಸಂಶೋಧನೆ ಆರಂಭವಾದದ್ದು ಬೆಂಗಳೂರಿನಲ್ಲಿ. ಅದೂ ಒಂದು ನಿರಾಕರಣೆಯ ನಂತರ.

ಷರತ್ತಿನ ಪ್ರವೇಶ

ಇಂದೋರ್‌ನಲ್ಲಿ ಜನಿಸಿದ ಕಮಲಾ ಅವರ ತವರಿನ ಹೆಸರು ಭಾಗವತ್. ತಂದೆ ನಾರಾಯಣರಾವ್ ಮತ್ತು ತಂದೆಯ ಸಹೋದರ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. 'ಟಾಟಾ ಇನ್‌ಸ್ಟಿಟ್ಯೂಟ್' ಎಂದೇ ಹೆಸರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತವರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಪದವಿ ಪಡೆದ ಕಮಲಾ ಅದೇ ಸಂಸ್ಥೆಗೆ ಅರ್ಜಿ ಸಲ್ಲಿಸಿದರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್, ಮಹಿಳೆ ಎಂಬ ಕಾರಣಕ್ಕೆ ಅದನ್ನು ತಿರಸ್ಕರಿಸಿದರು.

ಕಮಲಾ ಸುಮ್ಮನಾಗಲಿಲ್ಲ. ಬೆಂಗಳೂರಿಗೆ ಬಂದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕೊನೆಗೆ ಪ್ರವೇಶ ದೊರೆಯಿತಾದರೂ ಷರತ್ತುಗಳಿದ್ದವು. ಮೊದಲ ವರ್ಷ ಪರೀಕ್ಷಾರ್ಥ ಅವಧಿ. ಕೆಲಸ ತೃಪ್ತಿಕರವೆನಿಸುವವರೆಗೆ ಮಾನ್ಯತೆ ಇಲ್ಲ. ಪುರುಷ ಸಂಶೋಧಕರ ಏಕಾಗ್ರತೆಗೆ ಭಂಗ ತರಬಾರದು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಅಧ್ಯಯನ ನಡೆಸಿದ ಅವರು, 1936ರಲ್ಲಿ ಎಂ.ಎಸ್ಸಿ. ಪೂರೈಸಿದರು. ಅವರ ಸಾಧನೆಯ ಬಳಿಕ ಸಂಸ್ಥೆಯ ಬಾಗಿಲು ಇತರ ವಿದ್ಯಾರ್ಥಿನಿಯರಿಗೂ ತೆರೆಯಿತು. ಆದರೆ ಆ ಷರತ್ತುಗಳನ್ನು ಕಮಲಾ ದಶಕಗಳ ನಂತರವೂ ತಮಗಾದ ಅವಮಾನವೆಂದೇ ಸ್ಮರಿಸಿದರು.

ಆಲೂಗೆಡ್ಡೆಯಲ್ಲಿ ಸೈಟೋಕ್ರೋಮ್

1937ರಲ್ಲಿ ಕೇಂಬ್ರಿಜ್‌ಗೆ ತೆರಳಿದ ಅವರು, ಜೀವಸತ್ವಗಳ ಸಂಶೋಧನೆಗಾಗಿ 1929ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ಫ್ರೆಡರಿಕ್ ಹಾಪ್‌ಕಿನ್ಸ್ ಅವರ ಪ್ರಯೋಗಾಲಯ ಸೇರಿದರು. ರಾಬಿನ್ ಹಿಲ್ ಅವರೊಂದಿಗೆ ಸಸ್ಯ ಅಂಗಾಂಶಗಳನ್ನು ಅಧ್ಯಯನ ಮಾಡುವಾಗ ಆಲೂಗೆಡ್ಡೆಯಲ್ಲಿ 'ಸೈಟೋಕ್ರೋಮ್ ಸಿ' ಇರುವುದನ್ನು ಗುರುತಿಸಿದರು. ಕಬ್ಬಿಣದ ಅಂಶವುಳ್ಳ ಈ ಪ್ರೋಟೀನ್, ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಎಲೆಕ್ಟ್ರಾನ್‌ಗಳನ್ನು ಸಾಗಿಸುತ್ತದೆ. ಆಹಾರದಿಂದ ಶಕ್ತಿ ಬಿಡುಗಡೆಯಾಗುವಲ್ಲಿ ಇದು ಅಗತ್ಯ ಕೊಂಡಿ. ಸುಮಾರು 40 ಪುಟಗಳ ಕಿರು ಪ್ರಬಂಧಕ್ಕೆ ಕೇಂಬ್ರಿಜ್ ವಿಶ್ವವಿದ್ಯಾಲಯ 1939ರಲ್ಲಿ ಪಿಎಚ್.ಡಿ. ನೀಡಿತು.

ಮರಳಿ ಆಹಾರದತ್ತ

ಅದೇ ವರ್ಷ ಸ್ವದೇಶಕ್ಕೆ ಮರಳಿದ ಅವರು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ನಂತರ ಕೂನೂರಿನ ಪೋಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ಸೇವೆ ಸಲ್ಲಿಸಿದರು. 1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿ, ಅಲ್ಲಿನ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದರು.

ಇಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಬೇಳೆಕಾಳುಗಳ ಅಧ್ಯಯನವನ್ನು ಮುಂದುವರಿಸಿದರು. ಜೀರ್ಣಕಿಣ್ವವಾದ ಟ್ರಿಪ್ಸಿನ್‌ನ ಕೆಲಸವನ್ನು ತಡೆಯುವ ಪ್ರೋಟೀನನ್ನು ಅವರೆಕಾಳಿನಿಂದ ಹರಳಿನ ರೂಪದಲ್ಲಿ ಬೇರ್ಪಡಿಸಿದ ವರದಿ 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂತಹ ಪ್ರತಿರೋಧಕಗಳ ಶಕ್ತಿ ಬೇಯಿಸಿದಾಗ ಬಹುಮಟ್ಟಿಗೆ ಕುಂದುತ್ತದೆ. ಕಾಳಿನಲ್ಲಿ ಪ್ರೋಟೀನ್ ಎಷ್ಟಿದೆ ಎಂಬುದಷ್ಟೇ ಅಲ್ಲ, ದೇಹಕ್ಕೆ ದಕ್ಕುವುದೆಷ್ಟು ಎಂಬುದೂ ಮುಖ್ಯವೆನ್ನುವುದಕ್ಕೆ ಇದು ನಿದರ್ಶನ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅವರ ಸಲಹೆಯಂತೆ ಅವರು ತಾಳೆ ಜಾತಿಯ ಮರಗಳಿಂದ ಇಳಿಸುವ, ಹುಳಿಯದ ರಸವಾದ ನೀರಾದ ಪೋಷಕಾಂಶಗಳನ್ನೂ ಪರಿಶೀಲಿಸಿದರು. ಬುಡಕಟ್ಟು ಸಮುದಾಯಗಳ ಗರ್ಭಿಣಿಯರು ಹಾಗೂ ಹದಿಹರೆಯದವರ ಅಪೌಷ್ಟಿಕತೆ ನಿವಾರಣೆಗೆ ನೀರಾ ನೆರವಾಗಬಲ್ಲದೆಂದು ತೋರಿಸಿದ ಈ ಕಾರ್ಯಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು.

ಮುಂದೆ ಮುಂಬಯಿಯ ಸಂಸ್ಥೆಗೆ ನಿರ್ದೇಶಕರೂ ಆದರು. ಒಮ್ಮೆ ಮಹಿಳೆಯೆಂಬ ಕಾರಣಕ್ಕೆ ಸಂಶೋಧನಾಲಯದ ಹೊರಗೆ ನಿಂತಿದ್ದವರು ಅಂತಹುದೇ ಸಂಸ್ಥೆಯೊಂದರ ಚುಕ್ಕಾಣಿ ಹಿಡಿದಂತಾಯಿತು.