ಸಿಪಾಯಿಯ ಓಲೆ, ಸರಕಾರದ ಕಣ್ಣು

ರಣರಂಗದಲ್ಲಿರುವ ಯೋಧನು ಏನನ್ನು ಓದತಕ್ಕದ್ದು, ಮನೆಗೆ ಏನನ್ನು ಬರೆಯತಕ್ಕದ್ದು ಎಂಬುದನ್ನು ಅವನ ಮೇಲಧಿಕಾರಿಗಳೇ ಗೊತ್ತುಮಾಡುವ ಪದ್ಧತಿಯು ಬಹು ಪುರಾತನವಾದುದೇನೂ ಅಲ್ಲ. ಓಲೆ ಬರೆಯುವ, ಬರೆಯಿಸುವ ರೂಢಿ ಸಾಮಾನ್ಯ ಸಿಪಾಯಿಗಳಲ್ಲಿ ಬೇರೂರಿ, ಅಂಚೆಯ ಏರ್ಪಾಡು ಕಂದಕಗಳ ಬಾಯಿಯವರೆಗೂ ಚಾಚಿಕೊಂಡ ತರುವಾಯವೇ ಅದು ಸೇನಾಡಳಿತದ ನಿತ್ಯಕರ್ಮಗಳಲ್ಲಿ ಒಂದಾಯಿತು. ಈ ಪದ್ಧತಿಯು ನಮ್ಮ ದೇಶದವರನ್ನು ಅತ್ಯಂತ ನಿಕಟವಾಗಿ ಮುಟ್ಟಿದುದು ಮೊದಲನೆಯ ಮಹಾಯುದ್ಧದಲ್ಲಿ, ಫ್ರಾನ್ಸಿನ ಬೂಲೋನ್ ಎಂಬ ರೇವುಪಟ್ಟಣದಲ್ಲಿ.

1914ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಲಾಹೋರ್ ಡಿವಿಜನ್ನಿನ ಸಿಪಾಯಿಗಳು ಮಾರ್ಸೇಲ್ ಬಂದರಿನಲ್ಲಿ ಇಳಿದಾಗ, ಅವರನ್ನು ಕರೆತಂದ ಸರಕಾರಕ್ಕೆ ಜರ್ಮನರ ತೋಪುಗಳ ಭಯದ ಜೊತೆಗೆ ಮತ್ತೊಂದು ಭಯವೂ ಇದ್ದಿತು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾಗಿದ್ದ ‘ಗದರ್’ ಪತ್ರಿಕೆಯು, ಆಂಗ್ಲರ ಆಳ್ವಿಕೆಯನ್ನು ಕಿತ್ತೊಗೆಯಬೇಕೆಂದು ಉರ್ದುವಿನಲ್ಲಿಯೂ ಪಂಜಾಬಿಯಲ್ಲಿಯೂ ಸಾರುತ್ತ ದೇಶದೇಶಗಳಿಗೆ ಹರಡುತ್ತಿದ್ದುದರಿಂದ, ಅದರ ಒಂದು ಹಾಳೆಯಾದರೂ ಪಂಜಾಬಿನ ಸಿಪಾಯಿಯ ಕೈಸೇರೀತೆಂಬ ಶಂಕೆ ಅಧಿಕಾರಿಗಳನ್ನು ಬಾಧಿಸುತ್ತಿದ್ದಿತು. ಆದುದರಿಂದ ಸಿಪಾಯಿಗೆ ಬರುವ ಅಂಚೆಯನ್ನು ಶೋಧಿಸುವುದಕ್ಕೆಂದು ಒಂದು ಕಚೇರಿಯನ್ನು ತೆರೆದು, ಭಾಷೆಗಳನ್ನು ಬಲ್ಲ ಸಿವಿಲ್ ಸರ್ವಿಸ್ ಅಧಿಕಾರಿ ಈವ್ಲಿನ್ ಹಾವೆಲ್ ಎಂಬಾತನನ್ನು ಅದರ ಮುಖ್ಯಸ್ಥನನ್ನಾಗಿ ನೇಮಿಸಿದರು. ಬರುವ ಪತ್ರಗಳಿಂದ ಹೋಗುವ ಪತ್ರಗಳಿಗೆ ಈ ಶೋಧನೆ ವಿಸ್ತರಿಸುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಇಂಥ ಕಚೇರಿಗಳ ಸ್ವಭಾವವೇ ಹಾಗೆ.

1915ರ ಮಾರ್ಚ್ ವೇಳೆಗೆ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ವಾರಕ್ಕೆ 10,000ದಿಂದ 20,000 ಪತ್ರಗಳನ್ನು ಬರೆಯುತ್ತಿದ್ದರು. ಉರ್ದು, ಹಿಂದಿ, ಗುರುಮುಖಿ, ಮರಾಠಿ, ನೇಪಾಳಿ ಎಂದು ಬಗೆಬಗೆಯ ಲಿಪಿಭಾಷೆಗಳಲ್ಲಿದ್ದ ಈ ರಾಶಿಯನ್ನು ಬೆರಳೆಣಿಕೆಯ ಗುಮಾಸ್ತರು ಪೂರ್ತಿಯಾಗಿ ಓದಿ ಮುಗಿಸುವುದು ಅಸಾಧ್ಯವಾದುದರಿಂದ, ಕೈಗೆ ಸಿಕ್ಕಷ್ಟನ್ನು ಓದಿ, ಆಯ್ದ ಸುಮಾರು 100 ಪತ್ರಗಳ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ವಾರಕ್ಕೊಂದು ವರದಿಗೆ ಲಗತ್ತಿಸಿ, ಲಂಡನ್ನಿನ ಇಂಡಿಯಾ ಆಫೀಸಿಗೂ ಯುದ್ಧಖಾತೆಗೂ ಅರಮನೆಗೂ ಕಳುಹಿಸುತ್ತಿದ್ದರು. ತಡೆಹಿಡಿದ ಪತ್ರಗಳೂ, ಮಸಿ ಬಳಿಸಿಕೊಂಡ ಸಾಲುಗಳೂ ಇದ್ದುವು. ಆದರೂ ಕತ್ತರಿಗಿಂತ ಕಿವಿಯೇ ಆ ಕಚೇರಿಯ ಮುಖ್ಯ ಆಯುಧವಾಗಿದ್ದಿತು. ಸಿಪಾಯಿಯ ಬಾಯನ್ನು ಪೂರ್ತಿ ಕಟ್ಟಿಬಿಟ್ಟರೆ ಅವನ ಮನಸ್ಸಿನಲ್ಲಿರುವುದನ್ನು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿತು.

ಒಂದು ಪತ್ರವು ಎಷ್ಟು ಮಂದಿಯ ಮಧ್ಯೆ ಹಾದುಹೋಗುತ್ತಿದ್ದಿತೆಂಬುದನ್ನು ನೆನೆದರೆ ಕನಿಕರವಾಗುತ್ತದೆ. ಅಕ್ಷರ ಬಾರದ ಸಿಪಾಯಿ ಹೇಳಿದುದನ್ನು ಅಕ್ಷರ ಬಲ್ಲ ಜೊತೆಗಾರನು ಬರೆಯಬೇಕು. ಪಲ್ಟಣದ ಆಂಗ್ಲ ಅಧಿಕಾರಿ ಅದನ್ನು ಪರಿಶೀಲಿಸಬೇಕು. ಬೂಲೋನಿನ ಗುಮಾಸ್ತನು ಮತ್ತೆ ಬಿಚ್ಚಿ ನೋಡಬೇಕು. ಊರಿನಲ್ಲಿ ಓದಬಲ್ಲವರೊಬ್ಬರು ಹತ್ತು ಜನರ ನಡುವೆ ಗಟ್ಟಿಯಾಗಿ ಓದಿ ಹೇಳಬೇಕು. ಇಷ್ಟು ಕಣ್ಣುಗಳಿವೆಯೆಂದು ಬಲ್ಲ ಸಿಪಾಯಿಯು ಒಗಟಿನ ಮೊರೆಹೊಕ್ಕದ್ದರಲ್ಲಿ ಆಶ್ಚರ್ಯವೇನು? ಕರಿಮೆಣಸೆಲ್ಲ ತೀರಿಹೋಗಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ, ಆದರೆ ಕರಿಯದರ ಖಾರ ಅದಕ್ಕಿಲ್ಲ ಎಂಬ ಅರ್ಥದಲ್ಲಿ ಒಬ್ಬನು ಮನೆಗೆ ಬರೆದನು. ಕರಿಮೆಣಸೆಂದರೆ ನಮ್ಮವರು, ಕೆಂಪೆಂದರೆ ಗೋರಾ ಸೋಲ್ಜರರು. ಹಾವೆಲ್‌ನ ಕಚೇರಿಗೆ ಇದು ಅರ್ಥವಾಗದೆ ಹೋಗಲಿಲ್ಲ. ಆದರೆ ಅಡುಗೆಯ ಸಾಮಾನಿನ ಮಾತನ್ನು ಯಾವ ಕಾನೂನಿನಿಂದ ತಡೆಯುವುದು? ಗಾಯಗೊಂಡು ಮಲಗಿದ್ದ ಮತ್ತೊಬ್ಬನು, ಇದು ಯುದ್ಧವಲ್ಲ, ಲೋಕದ ಅಂತ್ಯವೇ, ಹಿರಿಯರು ಹೇಳುತ್ತಿದ್ದ ಮಹಾಭಾರತವೇ ಇದೆಂದು ಬರೆಯಿಸಿದನು. ಇಂಥ ಪ್ರಲಾಪಕ್ಕಿಂತಲೂ ಅಧಿಕಾರಿಗಳನ್ನು ಕಂಗೆಡಿಸಿದುದು, ಇಂಗ್ಲೆಂಡಿನ ಬ್ರೈಟನ್ ಮೊದಲಾದೆಡೆಯ ಆಸ್ಪತ್ರೆಗಳಿಂದ ಹೊರಟ ಒಂದು ಸರಳವಾದ ಬುದ್ಧಿವಾದ: ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ.

ಆಂಗ್ಲ ಸೋಲ್ಜರನಿಗೂ ನಿರ್ಬಂಧವಿರಲಿಲ್ಲವೆಂದಲ್ಲ. ಕ್ಷೇಮವಾಗಿದ್ದೇನೆ, ಆಸ್ಪತ್ರೆಗೆ ಸೇರಿದ್ದೇನೆ, ನಿನ್ನ ಪತ್ರ ತಲುಪಿತು ಎಂಬಂಥ ವಾಕ್ಯಗಳನ್ನು ಮೊದಲೇ ಅಚ್ಚುಹಾಕಿದ ಕಾರ್ಡೊಂದನ್ನು ಅವನ ಕೈಗೆ ಕೊಟ್ಟು, ಬೇಡವಾದುದನ್ನು ಹೊಡೆದುಹಾಕಿ ತಾರೀಖು ಮತ್ತು ರುಜು ಮಾತ್ರ ಹಾಕತಕ್ಕದ್ದೆಂದೂ, ಬೇರೊಂದು ಮಾತು ಸೇರಿಸಿದರೆ ಕಾರ್ಡನ್ನೇ ನಾಶಮಾಡಲಾಗುವುದೆಂದೂ ಅದರ ಮೇಲೆಯೇ ಮುದ್ರಿಸಿದ್ದರು. ವಿರಹವೂ ಪ್ರೇಮವೂ ದರ್ಖಾಸ್ತಿನ ನಮೂನೆಗೆ ಇಳಿದ ಇಂಥ ಸಾಹಿತ್ಯ ಲೋಕದಲ್ಲಿ ಮತ್ತೊಂದಿರಲಾರದು.

1915ರ ಕೊನೆಯಲ್ಲಿ ಭಾರತೀಯ ಕಾಲ್ದಳವನ್ನು ಮೆಸೊಪೊಟೇಮಿಯಕ್ಕೆ ಸಾಗಿಸಿದರು. ಕುದುರೆಯ ದಳಗಳು 1918ರ ಆರಂಭದವರೆಗೂ ಫ್ರಾನ್ಸಿನಲ್ಲಿ ಉಳಿದುವು. ಬೂಲೋನಿನ ಕಚೇರಿಯ ಆ ವಾರವಾರದ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಿಂದ ಆಯ್ದ ಪತ್ರಗಳನ್ನು ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು 1999ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೇಹುಗಾರಿಕೆಯ ಕಚೇರಿಯೇ ಸಿಪಾಯಿಗಳ ಮಾತನ್ನು ಕಾಪಾಡಿತೆಂದು ಕೆಲವರು ಅದಕ್ಕೆ ಉಪಕಾರ ಸ್ಮರಿಸುತ್ತಾರೆ. ನನಗೆ ಅಷ್ಟು ಔದಾರ್ಯ ಸಾಧ್ಯವಿಲ್ಲ. ಅಲ್ಲಿ ಉಳಿದಿರುವುದು ಸರಕಾರಕ್ಕೆ ಬೇಕೆನಿಸಿದ ಭಾಗ, ಅದೂ ಸರಕಾರದ ಭಾಷೆಯಲ್ಲಿ; ಸಿಪಾಯಿಯ ಸ್ವಂತ ನುಡಿಯಲ್ಲಿದ್ದ ಮೂಲ ಓಲೆಗಳು ವಿಳಾಸದಾರರನ್ನು ಸೇರಿ, ಅವರೊಡನೆಯೇ ಬಹುಪಾಲು ಮಣ್ಣಾದುವು.

ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರು ಹೋರಾಡಿದುದು ಫ್ರಾನ್ಸಿನಲ್ಲಲ್ಲ, ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಪ್ರಾಂತಗಳಲ್ಲಿ; 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಹೈಫಾ ನಗರವನ್ನು ಗೆದ್ದ ಆ ಸವಾರರ ಮನದ ಮಾತನ್ನು ಬೂಲೋನಿನ ಕಡತಗಳಲ್ಲಿ ಹುಡುಕಿ ಫಲವಿಲ್ಲ. ಮೈಸೂರು, ಬೆಂಗಳೂರುಗಳ ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಆ ಕಾಲದ ಓಲೆಯೊಂದು, ಕಾರ್ಡೊಂದು ಇನ್ನೂ ಉಳಿದಿದ್ದರೆ, ಅಂಥವರು ದಯಮಾಡಿ ಅದನ್ನು ರದ್ದಿಗೆ ಹಾಕದೆ, ರಾಜ್ಯ ಪತ್ರಾಗಾರದವರಿಗೆ ಒಮ್ಮೆ ತೋರಿಸಬೇಕಾಗಿ ಪ್ರಾರ್ಥನೆ.