ಈ ಮನೆ ಯಾವ ಹೈಸ್ಕೂಲಿಗೆ ಬರುತ್ತೆ?

ಅಮೆರಿಕದ ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ, ಮೇರಿಲ್ಯಾಂಡ್ ರಾಜ್ಯದಲ್ಲಿ ಹೋವರ್ಡ್ ಕೌಂಟಿ ಇದೆ. ಅಲ್ಲಿ ಮನೆ ಕೊಳ್ಳಲು ಹೊರಟ ಕನ್ನಡದ ಕುಟುಂಬ ಬಾಗಿಲು ಪೂರ್ವಕ್ಕಿದೆಯೋ ಇಲ್ಲವೋ ಎಂದು ನೋಡುವುದಕ್ಕೂ ಮುಂಚೆ ಕೇಳುವ ಪ್ರಶ್ನೆ ಒಂದೇ: “ಇದು ಯಾವ ಹೈಸ್ಕೂಲಿಗೆ ಬರುತ್ತೆ?” ಅಲ್ಲಿನ ಸಾರ್ವಜನಿಕ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ. ಮನೆಯ ವಿಳಾಸ ನಕ್ಷೆಯ ಯಾವ ಗೆರೆಯೊಳಗೆ ಬಿದ್ದಿದೆಯೋ ಆ ಶಾಲೆಗೆ ಮಗು ಸೇರುತ್ತದೆ. ಹಾಗಾಗಿ ಗೆರೆಯ ಈಚೆಯ ಮನೆಗೆ ಒಂದು ಬೆಲೆ, ಅಂಥದ್ದೇ ಆಚೆಯ ಮನೆಗೆ ಇನ್ನೊಂದು. ಮೂವತ್ತು ವರ್ಷದ ಸಾಲ ತಲೆ ಮೇಲೆ ಹೊತ್ತವರು ಮನೆಯ ಜೊತೆಗೆ ಶಾಲೆಯನ್ನೂ ಕೊಂಡೆವೆಂದೇ ನಂಬಿರುತ್ತಾರೆ.

2019ರ ಆಗಸ್ಟಿನಲ್ಲಿ ಆ ನಂಬಿಕೆ ಅಲುಗಾಡಿತು. ಶಾಲೆಗಳ ಸೂಪರಿಂಟೆಂಡೆಂಟ್ ಮೈಕೆಲ್ ಮಾರ್ಟಿರಾನೊ ಸುಮಾರು 7,400 ಮಕ್ಕಳ ಶಾಲೆ ಬದಲಿಸುವ ಯೋಜನೆಯನ್ನು ಮುಂದಿಟ್ಟರು. ಕೌಂಟಿಯ ಕೆಲವು ಶಾಲೆಗಳು ಕಿಕ್ಕಿರಿದಿದ್ದವು. ಕಟ್ಟಡ ಸಾಲದೆ ಅಂಗಳದಲ್ಲಿ ‘ಪೋರ್ಟಬಲ್’ ಎಂಬ ಪೆಟ್ಟಿಗೆಯಂಥ ಕೋಣೆಗಳನ್ನು ತಂದಿಟ್ಟು ಪಾಠ ನಡೆಸುತ್ತಿದ್ದರು. ಇನ್ನು ಕೆಲವು ಶಾಲೆಗಳಲ್ಲಿ ಜಾಗ ಖಾಲಿ ಇತ್ತು. ಜೊತೆಗೆ, ಬಡತನದ ಕಾರಣ ಉಚಿತ ಇಲ್ಲವೇ ರಿಯಾಯಿತಿ ದರದ ಊಟ ಪಡೆಯುವ ಮಕ್ಕಳು ಒಂದು ಹೈಸ್ಕೂಲಿನಲ್ಲಿ ಅರ್ಧಕ್ಕೆ ಸಮೀಪವಿದ್ದರೆ, ಕೆಲವೇ ಮೈಲಿ ಆಚೆಯ ಇನ್ನೊಂದರಲ್ಲಿ ಬೆರಳೆಣಿಕೆಯಷ್ಟಿದ್ದರು. ಈ ಅಂತರವನ್ನೂ ಕಡಿಮೆ ಮಾಡಬೇಕೆಂಬುದು ಯೋಜನೆಯ ಉದ್ದೇಶವಾಗಿತ್ತು.

ಅಲ್ಲಿನ ಶಾಲಾ ನಕ್ಷೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ನಂಬರ್ ಕೊಟ್ಟಿದ್ದಾರೆ. ಅಧಿಕಾರಿಗಳ ಬಾಯಲ್ಲಿ ಅದು ‘ಪಾಲಿಗನ್’. ಬೀದಿಯ ಹೆಸರಷ್ಟೇ ಗೊತ್ತಿದ್ದ ತಂದೆತಾಯಂದಿರು ಈಗ ತಮ್ಮ ಪಾಲಿಗನ್ನಿನ ನಂಬರ್ ಹುಡುಕತೊಡಗಿದರು. ಶಿಕ್ಷಣ ಮಂಡಳಿಯ ಸಾರ್ವಜನಿಕ ವಿಚಾರಣೆಗಳು ರಾತ್ರಿಯವರೆಗೂ ನಡೆದವು. ನಡೆದು ಹೋಗುವ ದೂರದ ಶಾಲೆ ಬಿಟ್ಟು ಬಸ್ಸಿನಲ್ಲಿ ಏಕೆ ಹೋಗಬೇಕು, ಅಣ್ಣ ಒಂದು ಕಡೆ ತಂಗಿ ಇನ್ನೊಂದು ಕಡೆಯೇ, ಗೆಳೆಯರ ಗುಂಪು ಒಡೆದು ಹೋದರೆ ಹದಿಹರೆಯದ ಮಗು ಹೇಗೆ ತಡೆದುಕೊಂಡೀತು? ಪ್ರತಿಭಟಿಸಿದವರಲ್ಲಿ ಚೀನಾ, ಭಾರತಗಳಿಂದ ಹೋಗಿ ನೆಲೆಸಿದವರೂ ಬಹಳ ಮಂದಿ ಇದ್ದರು. ಇವರ ಆತಂಕವನ್ನು ಬರೀ ಸ್ವಾರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಗುರುತಿಲ್ಲದ ದೇಶದಲ್ಲಿ ಬೇರು ಬಿಡಲು ಅವರು ನೆಚ್ಚಿಕೊಂಡದ್ದೇ ಶಾಲೆಯನ್ನು. ನೋವಿನ ಸಂಗತಿ ಬೇರೆಯೇ ಇದೆ. ‘ಸೌಜನ್ಯವನ್ನೇ ಆರಿಸಿಕೊಳ್ಳಿ’ ಎಂಬ ಆಂದೋಲನವನ್ನು ವರ್ಷಗಟ್ಟಲೆ ನಡೆಸಿದ, ಅದರ ಸ್ಟಿಕ್ಕರನ್ನು ಕಾರುಗಳಿಗೆ ಅಂಟಿಸಿಕೊಂಡು ಓಡಾಡಿದ ಊರಿನಲ್ಲೇ ಬಡವರ ಮಕ್ಕಳ ಬಗ್ಗೆ, ಕಪ್ಪು ಜನರ ಮಕ್ಕಳ ಬಗ್ಗೆ ಆಡಬಾರದ ಮಾತುಗಳೂ ಬಂದವು.

‘ಇಷ್ಟು ದೂರ ಬಸ್ಸಿನಲ್ಲೇ’ ಎಂಬ ದೂರು ಆ ಕೌಂಟಿಯಲ್ಲಿ ಹುಟ್ಟಿದ್ದು 2019ರಲ್ಲಲ್ಲ. ಅದರ ಬೇರು ಫ್ರೀಟೌನ್ ರಸ್ತೆಯಲ್ಲಿದೆ.

ಗುಲಾಮಗಿರಿಯಿಂದ ಬಿಡುಗಡೆಯಾದವರು ನೆಲೆ ನಿಂತ ಜಾಗ ಅದು, ಹೆಸರೇ ಹೇಳುತ್ತದೆ. ಅಲ್ಲಿ 1949ರಲ್ಲಿ ಹ್ಯಾರಿಯೆಟ್ ಟಬ್‌ಮನ್ ಹೈಸ್ಕೂಲು ತೆರೆಯಿತು. ಇದೇ ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, ತಪ್ಪಿಸಿಕೊಂಡು ಹೋಗಿ, ಮತ್ತೆ ಮತ್ತೆ ಹಿಂದಿರುಗಿ ಬಂದು ಇತರರನ್ನೂ ಬಿಡಿಸಿದ ಹೆಣ್ಣುಮಗಳ ಹೆಸರು ಅದಕ್ಕೆ. ಕೌಂಟಿಯಲ್ಲಿ ಕಪ್ಪು ಮಕ್ಕಳಿಗೆ ಇದ್ದದ್ದು ಆ ಒಂದೇ ಹೈಸ್ಕೂಲು. ಸುಮಾರು 250 ಚದರ ಮೈಲಿಯ ಕೌಂಟಿಯೆಲ್ಲ ಸೇರಿ ಅವರಿಗೆ ಒಂದೇ ಗಡಿ. ಪಶ್ಚಿಮದ ತುದಿಯ ಹೊಲಮನೆಗಳ ಮಗುವೂ ಪೂರ್ವದ ರೈಲುಹಳಿಯ ಬದಿಯ ಮಗುವೂ ಬೆಳಗಾಗೆದ್ದು ಬಸ್ಸು ಹತ್ತಿ ಅಲ್ಲಿಗೇ ಬರಬೇಕು. ಹತ್ತಿರದಲ್ಲೇ ಬಿಳಿಯರ ಶಾಲೆ ಇದ್ದರೂ ಅದು ಅವರದ್ದಲ್ಲ. ಯಾರೂ ಅವರ ತಂದೆತಾಯಿಯನ್ನು ವಿಚಾರಣೆಗೆ ಕರೆದು ‘ನಿಮಗೆ ದೂರವಾಗುತ್ತದೆಯೇ’ ಎಂದು ಕೇಳಲಿಲ್ಲ.

ದೇಶದ ಚಿತ್ರವೂ ಇದೇ. ಕ್ಯಾನ್ಸಸ್‌ನ ಟೊಪೀಕಾದಲ್ಲಿ ಲಿಂಡಾ ಬ್ರೌನ್ ಎಂಬ ಬಾಲಕಿಯ ಮನೆಗೆ ಸಮ್ನರ್ ಶಾಲೆ ಕೆಲವೇ ಬೀದಿಗಳಾಚೆ ಇತ್ತು. ಅದು ಬಿಳಿಯರದು. ಅವಳು ರೈಲ್ವೆ ಯಾರ್ಡ್ ಹಾದು, ಬಸ್ಸು ಹಿಡಿದು ದೂರದ ಮನ್ರೋ ಶಾಲೆಗೆ ಹೋಗುತ್ತಿದ್ದಳು. ಅವಳ ತಂದೆ ಆಲಿವರ್ ಬ್ರೌನ್ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು 1954ರ ಮೇ 17ರಂದು ಬಂತು: ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ಸಂವಿಧಾನಕ್ಕೆ ವಿರುದ್ಧ. ಹೋವರ್ಡ್ ಕೌಂಟಿ ಅದನ್ನು ಪೂರ್ತಿ ಜಾರಿಗೆ ತರಲು ಹನ್ನೊಂದು ವರ್ಷ ತೆಗೆದುಕೊಂಡಿತು. 1965ರಲ್ಲಿ ಟಬ್‌ಮನ್ ಶಾಲೆ ಮುಚ್ಚಿತು, ಮಕ್ಕಳು ಬಿಳಿಯರ ಶಾಲೆಗಳಿಗೆ ಹೋದರು. ನ್ಯಾಯ ಸಿಕ್ಕಿತು, ನಿಜ. ಆದರೆ ತಮ್ಮದೆಂದು ಹೆಮ್ಮೆಪಟ್ಟ ಶಾಲೆಯನ್ನು ಬಿಟ್ಟು ಬಂದವರೂ ಅವರೇ. ಬಿಳಿಯ ಮಕ್ಕಳು ಫ್ರೀಟೌನ್ ರಸ್ತೆಯ ಆ ಶಾಲೆಗೆ ಬರಲಿಲ್ಲ.

ಎರಡು ವರ್ಷದೊಳಗೆ ಅದರ ಸುತ್ತಲೇ ಹೊಸ ನಗರವೊಂದು ತಲೆಯೆತ್ತಿತು. ಬಿಲ್ಡರ್ ಜೇಮ್ಸ್ ರೌಸ್ ಯಾರಿಗೂ ಸುಳಿವು ಕೊಡದೆ, ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ರೈತರಿಂದ ಸುಮಾರು 14,000 ಎಕರೆ ಕೊಂಡಿದ್ದರು. 1967ರಲ್ಲಿ ಉದ್ಘಾಟನೆಯಾದ ಕೊಲಂಬಿಯಾದಲ್ಲಿ ಬಣ್ಣ ನೋಡದೆ ಯಾರಿಗೆ ಬೇಕಾದರೂ ಮನೆ ಮಾರಿದರು. ಆ ಕಾಲಕ್ಕೆ ಅದು ಸಣ್ಣ ಧೈರ್ಯವಲ್ಲ. ಬಡವ ಬಲ್ಲಿದರು ಒಂದೇ ‘ಹಳ್ಳಿ’ಯಲ್ಲಿರಬೇಕು (ಕೊಲಂಬಿಯಾದ ಬಡಾವಣೆಗಳನ್ನು ಹಾಗೆ ಕರೆಯುತ್ತಾರೆ), ಚಿಕ್ಕ ಮಕ್ಕಳು ನಡೆದೇ ಶಾಲೆ ಮುಟ್ಟಬೇಕು ಎಂದು ರೌಸ್ ಹಂಬಲಿಸಿದ್ದರು. ಮನೆಗೊಂದು ಅಂಚೆ ಡಬ್ಬಿ ಇಡುವ ಬದಲು ಹತ್ತಾರು ಮನೆಗಳ ಡಬ್ಬಿಗಳನ್ನು ಒಂದೇ ಕಡೆ ಸಾಲಾಗಿ ನಿಲ್ಲಿಸಿದರು. ಕಾಗದ ತೆಗೆಯಲು ಬಂದವರು ನಿಂತು ಎರಡು ಮಾತಾಡಲಿ ಎಂದು. ಅಲ್ಲಿನ ಮೊದಲ ಹಳ್ಳಿಯಾದ ವೈಲ್ಡ್ ಲೇಕ್‌ನ ಹೈಸ್ಕೂಲು 1971ರಲ್ಲಿ ತೆರೆದಾಗ ಕಟ್ಟಡ ದುಂಡಗಿತ್ತು, ಒಳಗೆ ತರಗತಿಗಳ ನಡುವೆ ಗೋಡೆಗಳೇ ಕಡಿಮೆ.

ಬೆರೆತು ಬಾಳುವ ಆ ಕನಸಿಗೆ ಕೌಂಟಿಯ ಬೆಳವಣಿಗೆಯೇ ಸವಾಲಾಯಿತು. 1960ರಲ್ಲಿ ಸುಮಾರು 36,000 ಇದ್ದ ಜನಸಂಖ್ಯೆ 2020ರ ಹೊತ್ತಿಗೆ 3,32,000 ದಾಟಿತು. ಪಶ್ಚಿಮದ ಹೊಲಗಳಲ್ಲಿ ದೊಡ್ಡ ದೊಡ್ಡ ಮನೆಗಳೆದ್ದವು. 1996ರಲ್ಲಿ ವೈಲ್ಡ್ ಲೇಕ್‌ನ ದುಂಡು ಕಟ್ಟಡ ಹೋಗಿ ಹೊಸದು ಬಂತು. ಅದೇ ವರ್ಷ ಕೆಲವೇ ಮೈಲಿ ಪಶ್ಚಿಮಕ್ಕೆ ರಿವರ್ ಹಿಲ್ ಹೈಸ್ಕೂಲು ಶುರುವಾಯಿತು. ಹೊಸ ಶಾಲೆ ಎಲ್ಲಿ ಎದ್ದರೂ ಸುತ್ತ ಹೊಸ ಗೆರೆ ಎಳೆಯಲೇಬೇಕು. ಹಾಗೆ ಎಳೆದ ಗೆರೆಗಳೊಳಗೆ ಅನುಕೂಲಸ್ಥರು ಒಂದು ಕಡೆ ಗುಂಪುಗೂಡಿದರು. ಶಾಲೆಗಳ ಅಂಕಪಟ್ಟಿ ನೋಡಿ ಮನೆ ಕೊಳ್ಳುವ ರೂಢಿ ಬಂದ ಮೇಲಂತೂ ಆ ಗುಂಪು ಇನ್ನಷ್ಟು ಗಟ್ಟಿಯಾಯಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. 1971ರಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತ್ಯೇಕತೆ ಅಳಿಸಲು ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಶಾಲೆಗೆ ಕಳಿಸಬಹುದು ಎಂದಿತು. ಮೂರೇ ವರ್ಷದಲ್ಲಿ, ಡೆಟ್ರಾಯಿಟ್ ಪ್ರಕರಣದಲ್ಲಿ, 5–4ರ ತೀರ್ಪು ಬಂತು: ನಗರದ ಮಕ್ಕಳನ್ನು ಸುತ್ತಲಿನ ಉಪನಗರಗಳ ಶಾಲಾ ಜಿಲ್ಲೆಗಳ ಜೊತೆ ಬೆರೆಸಲು ಆ ಜಿಲ್ಲೆಗಳ ತಪ್ಪು ಸಾಬೀತಾಗಬೇಕು. ಅಲ್ಲಿಂದ ಮುಂದೆ ಜಿಲ್ಲೆಯ ಗಡಿ ಗೋಡೆಯಾಯಿತು. ಮೇರಿಲ್ಯಾಂಡಿನಲ್ಲಿ ಹಾಗಲ್ಲ. ಅಲ್ಲಿ ಇಡೀ ಕೌಂಟಿಯೇ ಒಂದು ಶಾಲಾ ಜಿಲ್ಲೆ. ರಿವರ್ ಹಿಲ್‌ನ ಮಗುವಿಗೂ ವೈಲ್ಡ್ ಲೇಕ್‌ನ ಮಗುವಿಗೂ ಒಂದೇ ಮಂಡಳಿ, ಒಂದೇ ಖಜಾನೆ. ಗೆರೆ ಸರಿಸುವ ಮನಸ್ಸಿದ್ದರೆ ಯಾವ ಕೋರ್ಟಿಗೂ ಹೋಗಬೇಕಿಲ್ಲ. 2019ರ ಜಗಳ ಅಷ್ಟು ತೀವ್ರವಾಗಲು ಅದೂ ಕಾರಣ: ಅಲ್ಲಿ ನಿಜಕ್ಕೂ ಏನಾದರೂ ಬದಲಾಗುವ ಸಾಧ್ಯತೆ ಇತ್ತು. ನವೆಂಬರಿನಲ್ಲಿ ಮಂಡಳಿ ಯೋಜನೆಯನ್ನು ಕುಗ್ಗಿಸಿ, ಸುಮಾರು 5,400 ಮಕ್ಕಳನ್ನು ಬೇರೆ ಶಾಲೆಗೆ ಕಳಿಸಲು ಒಪ್ಪಿತು.

ಅಷ್ಟಾದರೂ ಜಾಗ ಸಾಲಲಿಲ್ಲ. ಕೌಂಟಿಯ ಆಗ್ನೇಯ ಮೂಲೆಯ ಜೆಸಪ್‌ನಲ್ಲಿ ಹದಿಮೂರನೆಯ ಹೈಸ್ಕೂಲಿನ ಕಟ್ಟಡ ಏಳತೊಡಗಿತು. ಗಿಲ್‌ಫರ್ಡ್ ಪಾರ್ಕ್ ಎಂದು ಅದಕ್ಕೆ ಹೆಸರಾಯಿತು. ಬೆಂಚು ತುಂಬಬೇಕಾದರೆ ಅಕ್ಕಪಕ್ಕದ ಶಾಲೆಗಳಿಂದ ಮಕ್ಕಳು ಬರಬೇಕು, ಅಂದರೆ ಮತ್ತೆ ನಕ್ಷೆ, ಮತ್ತೆ ಪಾಲಿಗನ್, ಮತ್ತೆ ವಿಚಾರಣೆ. 2022ರ ಕೊನೆಯಲ್ಲಿ ಮಂಡಳಿ ಆ ಗೆರೆಗಳನ್ನು ಅಂತಿಮಗೊಳಿಸಿತು. ಮರುವರ್ಷ ಆಗಸ್ಟ್ ಕೊನೆಯಲ್ಲಿ ಶಾಲೆ ಬಾಗಿಲು ತೆರೆಯಿತು. ಅದೇ ವಾರ ಹೊಸ ಗುತ್ತಿಗೆದಾರರ ಹಳದಿ ಬಸ್ಸುಗಳು ಕೌಂಟಿಯ ಹಲವು ದಾರಿಗಳಲ್ಲಿ ಬರಲೇ ಇಲ್ಲ. ಕೆಲಸಕ್ಕೆ ಹೊರಟ ತಂದೆತಾಯಂದಿರು ಮಕ್ಕಳನ್ನು ತಾವೇ ಶಾಲೆಗೆ ಬಿಡಬೇಕಾಯಿತು.

ಗಿಲ್‌ಫರ್ಡ್ ಪಾರ್ಕಿನ ಗೆರೆಗಳು ಅಂತಿಮವಾದ 2022ರಲ್ಲೇ ಫ್ರೀಟೌನ್ ರಸ್ತೆಯ ಹಳೆಯ ಶಾಲೆಯನ್ನು ದುರಸ್ತಿ ಮಾಡಿ ಹ್ಯಾರಿಯೆಟ್ ಟಬ್‌ಮನ್ ಸಾಂಸ್ಕೃತಿಕ ಕೇಂದ್ರವಾಗಿ ತೆರೆಯಲಾಯಿತು. ಅದಕ್ಕಾಗಿ ವರ್ಷಗಟ್ಟಲೆ ಬೆನ್ನು ಹತ್ತಿದವರಲ್ಲಿ, ಬೆಳಗಾಗೆದ್ದು ಬಸ್ಸು ಹತ್ತಿ ಅಲ್ಲಿಗೆ ಓದಲು ಬರುತ್ತಿದ್ದ ಹಳೆಯ ವಿದ್ಯಾರ್ಥಿಗಳೂ ಇದ್ದರು.