ಎದೆಯ ಕಾಯಿಲೆಯೋ, ಅಂಜಿಕೆಯೋ: ಪ್ಯಾನಿಕ್ ಡಿಸಾರ್ಡರ್‌ಗೆ ಹೆಸರು ಸಿಕ್ಕ ಕಥೆ

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಸೈನಿಕ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬರುತ್ತಿದ್ದರು. ಎದೆ ಇದ್ದಕ್ಕಿದ್ದಂತೆ ನಗಾರಿ ಬಾರಿಸಿದ ಹಾಗೆ ಹೊಡೆದುಕೊಳ್ಳುತ್ತಿತ್ತು, ಉಸಿರು ಕಟ್ಟುತ್ತಿತ್ತು, ತಲೆ ಸುತ್ತುತ್ತಿತ್ತು. ಜೇಕಬ್ ಮೆಂಡೆಸ್ ಡಕೋಸ್ಟಾ ಎಂಬ ವೈದ್ಯರು ಇಂಥ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿದರು. ಬಹುಮಂದಿಯ ಹೃದಯದಲ್ಲಿ ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ. ಆದರೂ ಅವರು 1871ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘ಕೆರಳಿದ ಹೃದಯ’ ಎಂದೇ ಕರೆದರು. ರೋಗಿ ಕೈಯಿಟ್ಟು ತೋರಿಸಿದ್ದು ಎದೆಯನ್ನು. ವೈದ್ಯರೂ ಅಲ್ಲೇ ಹುಡುಕಿದರು. ಈ ಸೈನಿಕರಲ್ಲಿ ಅನೇಕರು ಜ್ವರ, ಭೇದಿ, ವಿಪರೀತ ದಣಿವಿನಿಂದ ನೆಲಕಚ್ಚಿದವರು. ಹಾಗಾಗಿ ಅವರೆಲ್ಲರಿಗೂ ಇಂದಿನ ಅರ್ಥದ ಪ್ಯಾನಿಕ್ ಡಿಸಾರ್ಡರ್, ಎಂದರೆ ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಎರಗುವ ತೀವ್ರ ಭಯದ ದಾಳಿಗಳ ಕಾಯಿಲೆ, ಇತ್ತು ಎಂದುಬಿಡುವುದು ಆತುರವಾದೀತು. ಆದರೆ ಕೆಲವರಲ್ಲಂತೂ ಅದರ ಚಹರೆ ಸ್ಪಷ್ಟವಾಗಿದೆ.

ಅದೇ ವರ್ಷ ಬರ್ಲಿನ್ನಿನ ಮನೋವೈದ್ಯ ಕಾರ್ಲ್ ವೆಸ್ಟ್‌ಫಾಲ್ ಮೂವರು ಗಂಡಸರ ವೃತ್ತಾಂತ ಬರೆದರು. ದೊಡ್ಡ ಚೌಕಗಳನ್ನು, ಜನವಿಲ್ಲದ ಬೀದಿಗಳನ್ನು ದಾಟಬೇಕೆಂದರೆ ಇವರಿಗೆ ಜಂಘಾಬಲವೇ ಉಡುಗುತ್ತಿತ್ತು. ಪಕ್ಕದಲ್ಲಿ ಯಾರಾದರೂ ನಡೆದರೆ ಸಲೀಸಾಗಿ ದಾಟುತ್ತಿದ್ದರು. ವೆಸ್ಟ್‌ಫಾಲ್ ಇದಕ್ಕಿಟ್ಟ ಹೆಸರು ಅಗೊರಫೋಬಿಯಾ.

ಡಕೋಸ್ಟಾರಿಗೆ ಸಿಕ್ಕಿದ್ದು ದಾಳಿ, ವೆಸ್ಟ್‌ಫಾಲರಿಗೆ ಸಿಕ್ಕಿದ್ದು ದಾಳಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಬದುಕು. ಇವೆರಡನ್ನೂ ಒಂದೇ ರೋಗದ ಚೌಕಟ್ಟಿನಲ್ಲಿ ಸೇರಿಸಿ ನೋಡುವುದಕ್ಕೆ ವೈದ್ಯಲೋಕ ನೂರು ವರ್ಷ ತೆಗೆದುಕೊಂಡಿತು.

ನಡುವೆ ಹತ್ತಿರ ಬಂದವರು ಇಲ್ಲದಿಲ್ಲ. 1895ರಲ್ಲಿ ಫ್ರಾಯ್ಡ್ ‘ಆತಂಕದ ನರರೋಗ’ವನ್ನು ನರದೌರ್ಬಲ್ಯದಿಂದ ಬೇರ್ಪಡಿಸಿ, ಎದೆಬಡಿತ, ಏದುಸಿರು, ಬೆವರುಗಳ ದಾಳಿಯನ್ನು ಇಂದಿನ ಕೈಪಿಡಿಗಳೂ ಒಪ್ಪುವಷ್ಟು ನಿಖರವಾಗಿ ವರ್ಣಿಸಿದರು. ಅದಕ್ಕೆ ಅವರು ಕೊಟ್ಟ ಲೈಂಗಿಕ ಕಾರಣ ಉಳಿಯಲಿಲ್ಲ, ವರ್ಣನೆ ಉಳಿಯಿತು.

ಮೊದಲ ಮಹಾಯುದ್ಧದಲ್ಲಿ ಡಕೋಸ್ಟಾ ಕಂಡಿದ್ದ ಕಾಯಿಲೆ ‘ಸೈನಿಕನ ಹೃದಯ’ ಎಂಬ ಹೆಸರಿನಲ್ಲಿ ಮತ್ತೆ ಸುದ್ದಿಗೆ ಬಂತು. ಬ್ರಿಟನ್ನಿನ ಹೃದ್ರೋಗ ತಜ್ಞ ಥಾಮಸ್ ಲೂಯಿಸ್, ಇಂಥವರನ್ನು ಹಾಸಿಗೆಯಲ್ಲಿ ಮಲಗಿಸಿಟ್ಟರೆ ಕೆಡುಕೇ ಹೆಚ್ಚೆಂದು ಕಂಡುಕೊಂಡು, ದಿನದಿಂದ ದಿನಕ್ಕೆ ಕವಾಯತು ಹೆಚ್ಚಿಸುವ ಚಿಕಿತ್ಸೆ ಶುರುಮಾಡಿದರು. 1941ರಲ್ಲಿ ಇನ್ನೊಬ್ಬ ಹೃದ್ರೋಗ ತಜ್ಞ ಪಾಲ್ ವುಡ್ (ಇವರು ಹುಟ್ಟಿದ್ದು ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿ) ಒಂದು ಹೆಜ್ಜೆ ಮುಂದೆ ಹೋದರು: ಇದು ಹೃದಯದ ಕಾಯಿಲೆಯಲ್ಲ, ಭಯದ ಕಾಯಿಲೆ, ಇದನ್ನು ನೋಡಬೇಕಾದವರು ಮನೋವೈದ್ಯರು. ಹೃದಯದ ವೈದ್ಯರೇ ಹೀಗೆ ಕೈಬಿಟ್ಟ ಮೇಲೂ ಮನೋವೈದ್ಯರು ಇದನ್ನು ‘ಆತಂಕ’ ಎಂಬ ದೊಡ್ಡ ಚೀಲಕ್ಕೆ ಹಾಕಿ ಸುಮ್ಮನಾದರು.

ಆ ಚೀಲವನ್ನು ಬಿಚ್ಚಿಸಿದ್ದು ನ್ಯೂಯಾರ್ಕಿನ ಹಿಲ್‌ಸೈಡ್ ಆಸ್ಪತ್ರೆಯ ವಾರ್ಡು. ಅಲ್ಲಿ ಕೆಲವು ರೋಗಿಗಳು ದಿನಕ್ಕೆ ಹಲವು ಸಲ ನರ್ಸುಗಳ ಬಳಿಗೆ ಓಡಿಬಂದು ‘ಸಾಯುತ್ತಿದ್ದೇನೆ’ ಎನ್ನುತ್ತಿದ್ದರು. ಆಗಿನ ಔಷಧಗಳಾಗಲಿ, ಮಾತಿನ ಚಿಕಿತ್ಸೆಯಾಗಲಿ ನಾಟಲಿಲ್ಲ. 1950ರ ದಶಕದ ಕೊನೆಗೆ ಯುವ ಮನೋವೈದ್ಯ ಡೊನಾಲ್ಡ್ ಕ್ಲೈನ್, ಆಗಷ್ಟೇ ಬಂದಿದ್ದ ಇಮಿಪ್ರಮೀನ್ ಎಂಬ ಖಿನ್ನತೆಯ ಔಷಧವನ್ನು ಕೊಟ್ಟು ನೋಡಿದರು. ಅದಕ್ಕೆ ಬಲವಾದ ಸಿದ್ಧಾಂತವೇನೂ ಇರಲಿಲ್ಲ. ಬೇರೆ ದಾರಿ ಇರಲಿಲ್ಲ, ಅಷ್ಟೆ. ಕೆಲವು ವಾರ ಕಳೆದರೂ ರೋಗಿಗಳು ಏನೂ ಪ್ರಯೋಜನವಿಲ್ಲ ಎಂದರು. ವಾರ್ಡಿನ ಸಿಬ್ಬಂದಿಗೆ ಮಾತ್ರ ಬೇರೆಯದೇ ಕಂಡಿತು: ಇವರು ಓಡಿಬರುವುದು ನಿಂತಿದೆಯಲ್ಲ!

ಇಬ್ಬರೂ ಹೇಳಿದ್ದು ನಿಜವೇ. ದಾಳಿಗಳು ನಿಂತಿದ್ದವು, ದಾಳಿ ಮತ್ತೆ ಬಂದೀತೆಂಬ ದಿಗಿಲು ನಿಂತಿರಲಿಲ್ಲ. ಒಬ್ಬರೇ ಹೊರಗೆ ಹೋಗಲು ಅವರು ಇನ್ನೂ ಹಿಂಜರಿಯುತ್ತಿದ್ದರು. ಕ್ಲೈನ್ 1962 ಮತ್ತು 1964ರ ಪ್ರಬಂಧಗಳಲ್ಲಿ ವಾದಿಸಿದ್ದು ಇದನ್ನೇ: ಔಷಧ ಒಂದನ್ನು ಮುಟ್ಟಿ ಇನ್ನೊಂದನ್ನು ಮುಟ್ಟದಿದ್ದರೆ ಅವೆರಡೂ ಒಂದೇ ಆತಂಕದ ಹೆಚ್ಚುಕಡಿಮೆ ಪ್ರಮಾಣಗಳಾಗಿರಲಾರವು. ಮೊದಲು ದಾಳಿ, ಅದರ ಬೆನ್ನಿಗೆ ನಿರೀಕ್ಷೆಯ ಭಯ, ಕೊನೆಗೆ ಮನೆಬಿಟ್ಟು ಕದಲದಿರುವುದು. ಡಕೋಸ್ಟಾ, ವೆಸ್ಟ್‌ಫಾಲ್ ಹಿಡಿದ ಎರಡು ತುದಿಗಳು ಇಲ್ಲಿ ಕೂಡಿದವು. ಇಡೀ ಇತಿಹಾಸದಲ್ಲಿ ಅತ್ಯಂತ ಮಹತ್ವದ ಪುರಾವೆ ಬಂದಿದ್ದು ಯಾವ ಯಂತ್ರದಿಂದಲೂ ಅಲ್ಲ, ರೋಗಿಗಳ ಓಡಾಟವನ್ನು ದಿನವೂ ನೋಡುತ್ತಿದ್ದವರ ಕಣ್ಣಿನಿಂದ.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯ ಮೂರನೇ ಆವೃತ್ತಿ ಪ್ಯಾನಿಕ್ ಡಿಸಾರ್ಡರ್‌ಗೆ ಪ್ರತ್ಯೇಕ ಸ್ಥಾನ ಕೊಟ್ಟಿತು. ಮೂರು ವಾರಗಳಲ್ಲಿ ಮೂರು ದಾಳಿ ಎಂಬುದು ಅಂದಿನ ಅಳತೆ. ಇಂದು ದಾಳಿಗಳ ಲೆಕ್ಕಕ್ಕಿಂತ, ಆಮೇಲೆ ಕನಿಷ್ಠ ಒಂದು ತಿಂಗಳು ಕಾಡುವ ಚಿಂತೆಗೆ ಅಥವಾ ಬದಲಾದ ನಡವಳಿಕೆಗೆ ಹೆಚ್ಚು ಬೆಲೆ. ಅಗೊರಫೋಬಿಯಾವನ್ನು 1987ರಲ್ಲಿ ಪ್ಯಾನಿಕ್‌ನ ಕೆಳಗೆ ತಂದು, 2013ರಲ್ಲಿ ಮತ್ತೆ ಬೇರೆ ಮಾಡಿದರು. ಈ ಜಗಳ ಇನ್ನೂ ಮುಗಿದಂತಿಲ್ಲ.

ಔಷಧದ ವಾದಕ್ಕೆ ಎದುರುವಾದ ಆಕ್ಸ್‌ಫರ್ಡಿನಿಂದ ಬಂತು. ಎದೆ ಬಡಿದುಕೊಳ್ಳುವುದಷ್ಟೇ ದಾಳಿಯಲ್ಲ, ‘ಇದು ಹಾರ್ಟ್ ಅಟ್ಯಾಕೇ’ ಎಂದು ತೀರ್ಮಾನಿಸಿದಾಗ ಭಯ ಏರುತ್ತದೆ, ಭಯದಿಂದ ಬಡಿತ ಇನ್ನಷ್ಟು ಏರುತ್ತದೆ ಎಂದು ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಅಮೆರಿಕದ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು ರೋಗಿಗಳಿಗೆ ಬೇಕೆಂದೇ ಮೆಟ್ಟಿಲು ಹತ್ತಿಸಿದರು, ಕುರ್ಚಿಯಲ್ಲಿ ಗಿರಗಿರ ತಿರುಗಿಸಿದರು, ಜೋರಾಗಿ ಉಸಿರಾಡಿಸಿದರು. ದೇಹದ ಆ ಸಂವೇದನೆಗಳು ಬಂದು ಹೋಗುತ್ತವೆ, ಜೀವ ಹೋಗುವುದಿಲ್ಲ ಎಂಬುದನ್ನು ಮೈಗೇ ಕಲಿಸುವ ಕ್ರಮವಿದು. ಲೂಯಿಸರ ಕವಾಯತು ಬೇರೆ ಬಾಗಿಲಿನಿಂದ ಮರಳಿ ಬಂದಿತ್ತು!

ಮೆದುಳಿನ ಕಥೆಯೂ ಸರಳವಲ್ಲ. ಭಯದ ಕೇಂದ್ರವೆಂದು ಹೆಸರಾದ ಅಮಿಗ್ಡಲಾ ನಾಶವಾಗಿದ್ದ, ಹಾವಿಗೂ ಅಂಜದ ಒಬ್ಬ ಮಹಿಳೆ ಮತ್ತು ಅದೇ ಹಾನಿಯಿದ್ದ ಇನ್ನಿಬ್ಬರಿಗೆ ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿ ಕೊಟ್ಟಾಗ ಮೂವರೂ ಗಾಬರಿಯಿಂದ ಕಂಗೆಟ್ಟರು. 2013ರ ಈ ವರದಿ, ಉಸಿರುಗಟ್ಟುವ ಭಯಕ್ಕೆ ಮೆದುಳಿನಲ್ಲಿ ಬೇರೆ ದಾರಿಯೂ ಇದೆ ಎಂದು ತೋರಿಸಿತು.

ಇಂದಿನ ಚಿಕಿತ್ಸೆ ಈ ಎಲ್ಲ ವಾದಗಳಿಂದಲೂ ಸ್ವಲ್ಪ ಸ್ವಲ್ಪ ಪಡೆದಿದೆ. ಮೊದಲು ಹೃದಯ, ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ. ಬಳಿಕ ಸರ್ಟ್ರಲೀನ್, ಎಸಿಟಲೊಪ್ರಮ್‌ನಂಥ ಔಷಧ ಅಥವಾ ಅರಿವು-ವರ್ತನೆ ಚಿಕಿತ್ಸೆ, ಇಲ್ಲವೇ ಎರಡೂ. ತಕ್ಷಣ ತಣಿಸುವ ಅಲ್ಪ್ರಜೋಲಮ್ ಅಭ್ಯಾಸವಾಗಿಬಿಡುವುದರಿಂದ ಅದನ್ನು ಅಲ್ಪಾವಧಿಗೆ ಮಾತ್ರ ಬಳಸುವುದು ಲೇಸು. ಬಾರ್ಲೋ ತಂಡ 2000ರಲ್ಲಿ 312 ರೋಗಿಗಳ ಅಧ್ಯಯನ ಪ್ರಕಟಿಸಿತು. ಚಿಕಿತ್ಸೆ ನಿಲ್ಲಿಸಿದ ಮೇಲೂ ಗುಣ ಹೆಚ್ಚು ಉಳಿದದ್ದು ಇಮಿಪ್ರಮೀನ್ ಇಲ್ಲದೆ ಅರಿವು-ವರ್ತನೆ ಚಿಕಿತ್ಸೆ ಪಡೆದವರಲ್ಲಿ.

ಎದೆಯ ಕಡೆಗೇ ಮೊದಲು ಕೈ ಹೋಗುವುದು ಮಾತ್ರ ಇನ್ನೂ ಬದಲಾಗಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಜನ ತಪಾಸಣೆಗೆ ಸಾಲುಗಟ್ಟಿದರು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಸಾವುಗಳ ಸುದ್ದಿಯ ಬೆನ್ನಲ್ಲಿ ಮೈಸೂರಿನ ಜಯದೇವದಲ್ಲೂ ಅದೇ ದೃಶ್ಯ. ಅದು ರೋಗವಲ್ಲ, ಸಹಜವಾದ ಅಂಜಿಕೆ. ಆದರೆ ಇಸಿಜಿ ಸರಿಯಿದೆ ಎಂದು ಚೀಟಿ ಪಡೆದು, ಮುಂದಿನ ವಾರ ಮತ್ತೆ ‘ಗ್ಯಾಸ್ಟ್ರಿಕ್ಕೋ, ಹಾರ್ಟೋ’ ಎಂದು ತುರ್ತು ಚಿಕಿತ್ಸಾ ಘಟಕಕ್ಕೆ ಓಡುವವರ ಚೀಟಿಯಲ್ಲಿ ಮನೋವೈದ್ಯರ ಹೆಸರೂ ಇರಬೇಕಾಗುತ್ತದೆ. ನಿಮ್ಹಾನ್ಸ್ ಸಮನ್ವಯದ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.